ಅಧ್ಯಕ್ಷರು ಕತ್ತೆತ್ತಿದಾಗ

ವರ್ಕ್ ಫ್ರಮ್ ಹೋಮ್ ಮುಗಿದು ವೈಟ್‌ಫೀಲ್ಡಿನ ರಸ್ತೆಗಳು ಮತ್ತೆ ಕಂಪನಿ ಬಸ್ಸುಗಳಿಂದ ತುಂಬಿಕೊಳ್ಳುತ್ತಿದ್ದ ವರ್ಷ ಅದು. ಅಲ್ಲಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ನಾನು ಟೆಕ್ಸ್ಟ್ ಲೇಔಟ್ ತಂಡದ ಲೀಡ್ ಇಂಜಿನಿಯರ್ ಆಗಿದ್ದೆ. ಪುಸ್ತಕ, ಪತ್ರಿಕೆ, ಕರಪತ್ರಗಳ ಪುಟ ಕಟ್ಟುವ ಡಿಟಿಪಿ ಸಾಫ್ಟ್‌ವೇರ್ ನಮ್ಮದು. ಅಕ್ಷರಗಳು ಸಾಲಾಗುವುದು, ಸಾಲುಗಳು ಕಾಲಂ ಆಗುವುದು, ಒಂದು ಕಾಲಂ ತುಂಬಿದ ಮೇಲೆ ಉಳಿದದ್ದು ಮುಂದಿನ ಕಾಲಮಿಗೆ ಹರಿಯುವುದು, ಇಷ್ಟು ನಮ್ಮ ತಂಡದ ಪಾಲು. ದಾವಣಗೆರೆಯಲ್ಲಿರುವ ನನ್ನ ಅಕ್ಕ ಇಂದಿಗೂ ನೆಂಟರಿಗೆ, “ನಮ್ಮ ಗಿರಿಜಾ ಕಂಪ್ಯೂಟರಿಗೆ ಅಕ್ಷರ ಕಲಿಸ್ತಾಳ” ಎಂದೇ ಪರಿಚಯಿಸುತ್ತಾಳೆ. ನಾನೂ ತಿದ್ದಲು ಹೋಗಿಲ್ಲ.

ಆ ವರ್ಷ ನಾನು ಹಟ ಹಿಡಿದು ಕೈಗೆತ್ತಿಕೊಂಡದ್ದು ಕನ್ನಡದ ಹೈಫನೇಷನ್. ಸಾಲಿನ ಕೊನೆಯಲ್ಲಿ ಜಾಗ ಸಾಲದಾದಾಗ ಪದವನ್ನು ಮುರಿದು ಉಳಿದ ಭಾಗವನ್ನು ಕೆಳಗಿನ ಸಾಲಿಗೆ ಇಳಿಸುವ ಕೆಲಸ ಅದು. ಇಂಗ್ಲಿಷಿನ ಚಿಕ್ಕ ಚಿಕ್ಕ ಪದಗಳು ಕಿರಿದಾದ ಕಾಲಮಿನಲ್ಲೂ ಹೇಗೋ ಹೊಂದಿಕೊಳ್ಳುತ್ತವೆ. ಕನ್ನಡ ಹಾಗಲ್ಲ. “ಮುಚ್ಚಿಹೋಗಿದ್ದರಿಂದ” ಎಂಬ ಒಂದೇ ಪದ ಪತ್ರಿಕೆಯ ಕಾಲಮಿನ ಅರ್ಧ ಅಗಲವನ್ನು ನುಂಗುತ್ತದೆ. ಅದನ್ನು ಮುರಿಯದೆ ಕೆಳಕ್ಕೆ ತಳ್ಳಿದರೆ, ಮೇಲಿನ ಸಾಲಿನಲ್ಲಿ ಉಳಿದ ಎರಡು ಪದಗಳು ಜಗಳವಾಡಿಕೊಂಡವರಂತೆ ಆಚೆ ಒಂದು, ಈಚೆ ಒಂದು ನಿಲ್ಲುತ್ತವೆ.

ನಮ್ಮ ಮ್ಯಾನೇಜರ್ ಶ್ರೀಧರನ್ ಚೆನ್ನೈನವರು. ಒಳ್ಳೆಯ ಮನುಷ್ಯ, ಆದರೆ ಕನ್ನಡ ಓದಲು ಬಾರದು. “ಗಿರಿಜಾ, ಒಂದು ನಿಜವಾದ ಪೇಪರ್ ಇದನ್ನ ಯೂಸ್ ಮಾಡಿ ಪ್ರಿಂಟ್ ಮಾಡ್ಲಿ. ಆಗ ಈ ರಿಲೀಸ್‌ಗೆ ಸೇರ್ಸೋಣ. ಇಲ್ಲಾಂದ್ರೆ ನೆಕ್ಸ್ಟ್ ಇಯರ್ ನೋಡೋಣ” ಎಂದರು. ನಮ್ಮ ಕಸುಬಿನಲ್ಲಿ ನೆಕ್ಸ್ಟ್ ಇಯರ್ ಎಂದರೆ ಯಾವತ್ತೂ ಇಲ್ಲ ಎಂದರ್ಥ. ದೊಡ್ಡ ಪತ್ರಿಕೆಗಳ ಬಾಗಿಲು ತಟ್ಟಿ ಕಾಯುವಷ್ಟು ಸಮಯ ನಮಗಿರಲಿಲ್ಲ.

ಪತ್ರಿಕೆ ಸಿಕ್ಕಿದ್ದು ನಾನು ಬಾಡಿಗೆಗಿದ್ದ ಮನೆಯಲ್ಲೇ. ವರ್ತೂರಿನಲ್ಲಿ ನಮ್ಮ ಮನೆಯ ಮಾಲಕಿ ಮುನಿರತ್ನಮ್ಮ. ಅವರ ರಾಗಿ ಹೊಲವಿದ್ದ ಕಡೆ ಈಗ ಅಪಾರ್ಟ್‌ಮೆಂಟ್‌ಗಳು ನಿಂತಿವೆ. ಲಾಕ್‌ಡೌನಿನಲ್ಲಿ ಮೊಮ್ಮಗಳ ಲ್ಯಾಪ್‌ಟಾಪಿನಲ್ಲಿ ಪುಟ ಕಟ್ಟುವುದನ್ನು ಕಲಿತು, ಆಮೇಲೆ ಊರಿನವರನ್ನೂ ಅಪಾರ್ಟ್‌ಮೆಂಟಿನವರನ್ನೂ ಸೇರಿಸಿಕೊಂಡು ನಾಲ್ಕು ಪುಟದ ಒಂದು ತಿಂಗಳ ಪತ್ರಿಕೆ ಶುರುಮಾಡಿದ್ದರು. ನೀರು ಬಿಡುವ ಹೊತ್ತು, ಕೆರೆ ಕೆಲಸದ ಸುದ್ದಿ, ಮದುವೆ, ಕಳೆದುಹೋದ ಹಸು, ಎಲ್ಲವೂ ಅದರಲ್ಲಿ ಬರುತ್ತಿತ್ತು. ನಾನು ವಿಷಯ ಹೇಳಿದಾಗ ಹಳೆಯ ಸಂಚಿಕೆಯೊಂದನ್ನು ನನ್ನ ಮುಂದೆ ಹರಡಿದರು.

“ನೋಡಮ್ಮ, ಒಂದ್ ಪದಕ್ಕೂ ಇನ್ನೊಂದ್ ಪದಕ್ಕೂ ಮಧ್ಯ ಎಮ್ಮೆ ಓಡಾಡ್ಬೋದು, ಅಂಗೈತೆ. ಇದುನ್ನ ಸರಿಮಾಡ್ತೀಯಾ?”

“ಮಾಡ್ತೀನಿ ಆಂಟಿ” ಎಂದೆ.

ನಮ್ಮ ಸೂತ್ರ ಸರಳವಾಗಿತ್ತು. ಒಂದು ಅಕ್ಷರ ಮತ್ತು ಅದರ ಒತ್ತನ್ನು ಬೇರೆ ಮಾಡಬಾರದು. ಮುರಿದ ಪದದ ಎರಡೂ ಕಡೆ ಕನಿಷ್ಠ ಎರಡು ಅಕ್ಷರ ಉಳಿಯಬೇಕು. ಅಷ್ಟಾದರೆ ಎಲ್ಲಿ ಬೇಕಾದರೂ ಮುರಿಯಬಹುದು. ಅತ್ತಿಬೆಲೆಯಿಂದ ಬರುತ್ತಿದ್ದ ನಮ್ಮ ಟೆಸ್ಟರ್ ಇಮ್ರಾನ್ ಸಾವಿರಾರು ಪದಗಳ ಮೇಲೆ ಅದನ್ನು ಓಡಿಸಿ ನೋಡಿ ಒಪ್ಪಿಗೆ ಕೊಟ್ಟಿದ್ದ. ಮುನಿರತ್ನಮ್ಮನ ಕೆರೆ ವಿಶೇಷ ಸಂಚಿಕೆಯನ್ನು ಹೊಸ ಸಾಫ್ಟ್‌ವೇರಿಗೆ ಹಾಕಿದೆವು. ಕಾಲಂಗಳು ಅಚ್ಚುಕಟ್ಟಾಗಿ, ಸಮನಾಗಿ, ಹಸನಾದ ಪಾತಿಗಳ ಹಾಗೆ ಬಂದವು. ನಾನು ಪರದೆಯ ಮುಂದೆ ಕೂತು ಸಂತೋಷಪಟ್ಟೆ.

ಮುನಿರತ್ನಮ್ಮನಿಗೆ ಒಂದು ಅಭ್ಯಾಸ. ಅಚ್ಚಿಗೆ ಕಳಿಸುವ ಮುಂಚೆ ಭಾನುವಾರ ಬೆಳಿಗ್ಗೆ ಪ್ರೂಫನ್ನು ಮನೆಯ ಮುಂದಿನ ಚಪ್ಪರದಡಿ ಎಲ್ಲರಿಗೂ ಕೇಳುವಂತೆ ಓದುತ್ತಿದ್ದರು. ತಕರಾರೇನಿದ್ದರೂ ಅಲ್ಲೇ ಮುಗಿಯಲಿ ಎಂದು. ಆ ಭಾನುವಾರ ಇಮ್ರಾನನೂ ಬಂದಿದ್ದ. ಮುಂದಿನ ಕುರ್ಚಿಯಲ್ಲಿ ಕೆರೆ ಸಮಿತಿಯ ಅಧ್ಯಕ್ಷ ನಾಗರಾಜಪ್ಪನವರು ಬಿಳಿ ಪಂಚೆ, ಹೆಗಲ ಮೇಲೆ ಟವೆಲ್, ಪೊದೆ ಮೀಸೆಯೊಂದಿಗೆ ಕೂತಿದ್ದರು. ಮುಖಪುಟದ ಲೇಖನ ಅವರು ಕೆರೆಗೆ ಭೇಟಿ ಕೊಟ್ಟ ಬಗ್ಗೆಯೇ ಇತ್ತು.

ಮುನಿರತ್ನಮ್ಮ ಕನ್ನಡಕ ಏರಿಸಿ ಗಟ್ಟಿಯಾಗಿ ಓದತೊಡಗಿದರು. ಕೋಡಿಯ ಹೂಳು ತೆಗೆದದ್ದು, ನೊರೆ ಕಡಿಮೆಯಾದದ್ದು, ಹಕ್ಕಿಗಳು ಮರಳಿದ್ದು ಎಲ್ಲ ಬಂತು. ಮೊದಲ ಕಾಲಮಿನ ಕೊನೆಯ ಸಾಲಿಗೆ ಇಳಿದು, “ಕೋಡಿಯ ಮೇಲೆ ನಿಂತಿದ್ದ ನಮ್ಮ ಅಧ್ಯಕ್ಷರು ಕತ್ತೆ” ಎಂದು ಓದಿ ನಿಂತರು.

ಕಾಲಂ ಅಲ್ಲಿಗೆ ಮುಗಿದಿತ್ತು.

ನಾಗರಾಜಪ್ಪನವರ ಮೀಸೆ ನಿಧಾನವಾಗಿ ಮೇಲೆದ್ದಿತು. “ನನ್ನೇನಾ ಅಂದಿದ್ದು?”

ಮುನಿರತ್ನಮ್ಮನ ಬೆರಳು ಪುಟದ ಮೇಲೆಲ್ಲ ಓಡಿ ಪಕ್ಕದ ಕಾಲಮಿನ ತಲೆಯಲ್ಲಿ ಉಳಿದರ್ಧವನ್ನು ಹಿಡಿಯಿತು. “ತ್ತಿದಾಗ! ಕತ್ತೆತ್ತಿದಾಗ ಕಣಣ್ಣ! ನೀನು ಕತ್ತೆತ್ತಿದಾಗ ಅಕ್ಕಿ ಇಂಡು ಆರೋಯ್ತಂತೆ. ತಡಿಯಣ್ಣ, ಮುಂದಕ್ಕೈತೆ!”

“ಮೇಡಂ, ಮುಗೀತು ನಮ್ ಕಥೆ” ಎಂದು ಇಮ್ರಾನ್ ನನ್ನ ಕಿವಿಯಲ್ಲಿ ಹೇಳಿದ. ಆದರೆ ಮೊದಲು ನಕ್ಕವರು ನಾಗರಾಜಪ್ಪನವರೇ. ಹೊಟ್ಟೆ ಹಿಡಿದುಕೊಂಡು ನಕ್ಕು, ಟವೆಲ್ಲಿನಿಂದ ಕಣ್ಣು ಒರೆಸಿಕೊಂಡು, “ಮದ್ವೆ ಆದಾಗ್ಲಿಂದ ನಮ್ಮನೆಯೋಳು ಇದ್ನೇ ಏಳ್ತಾವ್ಳೆ. ಕಂಪ್ಯೂಟ್ರಿಗೂ ಗೊತ್ತಾಗೋಯ್ತಾ?” ಎಂದರು. ಆಮೇಲೆ ಚಪ್ಪರವೇ ಹಾರಿಹೋಗುವಂತೆ ಎಲ್ಲರೂ ನಕ್ಕರು. ನಗು ತಗ್ಗಿದ ಮೇಲೆ ಅವರು ನನ್ನ ಕಡೆ ತಿರುಗಿ, “ಆದ್ರೆ ತಾಯಿ, ಇದು ಇಂಗೇ ಅಚ್ಚಾದ್ರೆ ಅಪಾರ್ಟ್‌ಮೆಂಟ್‌ನೋರ ಮುಂದೆ ನಾನು ಕತ್ತೆತ್ತಂಗಿಲ್ಲ” ಎಂದರು. ಮುನಿರತ್ನಮ್ಮನದೂ ಅದೇ ಮಾತು: ಸರಿಹೋದರೆ ಸಂಚಿಕೆ ನಮ್ಮ ಸಾಫ್ಟ್‌ವೇರಿನಲ್ಲಿ, ಇಲ್ಲದಿದ್ದರೆ ಹಳೆಯದರಲ್ಲೇ.

ಆ ಒಂದು ಪದವನ್ನು ಕೈಯಿಂದ ಸರಿಪಡಿಸುವುದು ಚಿಟಿಕೆ ಹೊಡೆಯುವಷ್ಟು ಸುಲಭ. ಆದರೆ ಮುನಿರತ್ನಮ್ಮ ಓದು ಮುಂದುವರಿಸಿದಾಗ ನಾನು ಪುಟ ನೋಡುವುದನ್ನು ಬಿಟ್ಟು ದನಿ ಕೇಳುತ್ತಿದ್ದೆ. ಅವರು ಎಲ್ಲ ಹೈಫನ್ನಿನಲ್ಲೂ ಎಡವುತ್ತಿರಲಿಲ್ಲ. “ಮುಚ್ಚಿ” ಎಂದು ಸಾಲು ಮುಗಿದು “ಹೋಗಿದ್ದರಿಂದ” ಎಂದು ಶುರುವಾದರೆ ಸಲೀಸಾಗಿ ದಾಟುತ್ತಿದ್ದರು. “ಮುಚ್ಚಿಹೋಗಿ” ಎಂದು ಮುಗಿದು “ದ್ದರಿಂದ” ಎಂದು ಶುರುವಾದ ಕಡೆ ಮಾತ್ರ ನಾಲಿಗೆ ತಡವರಿಸಿ ಹಿಂದಿನ ಸಾಲಿಗೆ ಓಡುತ್ತಿತ್ತು. ನಮ್ಮ ಬಾಯಲ್ಲಿ “ದ್ದ” ಎಂದೋ “ತ್ತಿ” ಎಂದೋ ಶುರುವಾಗುವ ಪದವೇ ಇಲ್ಲವಲ್ಲ! ಹುಟ್ಟಿದಾಗಿನಿಂದ ಆಡುತ್ತಿರುವ ಭಾಷೆಯ ಬಗ್ಗೆ ಹೊಸದೊಂದು ತಿಳಿದಾಗ ಆಗುವ ಖುಷಿಯನ್ನು ಹೇಗೆ ವರ್ಣಿಸಲಿ? ಚಪ್ಪರದಡಿಯಲ್ಲೇ ಇಮ್ರಾನನ ತೋಳು ಹಿಡಿದು ಅಲ್ಲಾಡಿಸಿಬಿಟ್ಟೆ.

ಸೋಮವಾರದಿಂದ ಕೆಲಸ ಹಬ್ಬದಂತೆ ನಡೆಯಿತು. ಪದ ಮುರಿಯುವ ಪ್ರತಿ ಜಾಗಕ್ಕೂ ಒಂದು ಪೆನಾಲ್ಟಿ, ಅಂದರೆ ದಂಡದ ಅಂಕ ಇಟ್ಟೆವು. ಒಂದು ಪದಕ್ಕೆ ಇನ್ನೊಂದು ಸೇರುವ ಸಂದಿನಲ್ಲಿ ಮುರಿದರೆ ದಂಡ ಕಡಿಮೆ, ಒತ್ತಕ್ಷರದ ಮುಂಚೆ ಮುರಿದರೆ ಭಾರಿ ದಂಡ. ಕಾಲಮಿನ ಕೊನೆಯ ಸಾಲಿನಲ್ಲಿ ಪದವನ್ನು ಮುರಿಯಲೇಬಾರದು. ಆದರೆ ಮುರಿಯದೆ ಬಿಟ್ಟರೆ ಆ ಸಾಲು ಮತ್ತೆ ಸಡಿಲವಾಗುತ್ತದೆ. ಅದಕ್ಕಾಗಿ ಸಾಫ್ಟ್‌ವೇರ್ ಒಂದೊಂದೇ ಸಾಲನ್ನು ನೋಡುವ ಬದಲು ಇಡೀ ಪ್ಯಾರಾವನ್ನು ಒಟ್ಟಿಗೆ ನೋಡುವಂತೆ ಬದಲಾಯಿಸಿದೆವು. ಒಂದು ಸಾಲಿಗೆ ಬಂದ ಕಷ್ಟವನ್ನು ಅಕ್ಕಪಕ್ಕದ ಸಾಲುಗಳೆಲ್ಲ ಸ್ವಲ್ಪ ಸ್ವಲ್ಪ ಹಂಚಿಕೊಂಡವು. ಎಮ್ಮೆ ಹೋಗಲಿ, ಇರುವೆಗೂ ಸಾಕಷ್ಟು ದಾರಿ ಉಳಿಯಲಿಲ್ಲ ಎಂದು ಇಮ್ರಾನ್ ಹೇಳುತ್ತಿದ್ದ.

ರಿಲೀಸಿನ ತೀರ್ಮಾನವಾಗುವ ಮೀಟಿಂಗಿನಲ್ಲಿ ನಾನು ಗ್ರಾಫ್ ತೋರಿಸಿದೆ. ಶ್ರೀಧರನ್ ತಲೆಯಾಡಿಸಿದರು, ಆದರೆ ಕಣ್ಣುಗಳು ಎಲ್ಲೋ ಇದ್ದವು. ಆಗ ಪ್ರೊಜೆಕ್ಟರ್ ಆರಿಸಿ, ಹೊರಗೆ ಕಾಯುತ್ತಿದ್ದ ಅತಿಥಿಯನ್ನು ಒಳಗೆ ಕರೆದೆ. ರೇಷ್ಮೆ ಸೀರೆ ಉಟ್ಟು, ಕತ್ತಿಗೆ ವಿಸಿಟರ್ ಟ್ಯಾಗ್ ಹಾಕಿಕೊಂಡು ಬಂದ ಮುನಿರತ್ನಮ್ಮ ಮೊದಲು ಹಳೆಯ ಪ್ರೂಫ್ ಓದಿದರು, ಆಮೇಲೆ ಹೊಸದು. ಮೊದಲನೆಯದರಲ್ಲಿ ನಾಲ್ಕು ಹೆಜ್ಜೆಗೊಮ್ಮೆ ತಡೆದು ನಿಂತ ದನಿ, ಎರಡನೆಯದರಲ್ಲಿ ಕಾಲಮಿನಿಂದ ಕಾಲಮಿಗೆ ಇಳಿದು ಕೊನೆಯವರೆಗೂ ಹರಿಯಿತು.

“ಎಂಗೈತೆ ಸಾರ್?” ಎಂದು ಕೇಳಿದರು.

“ಮೇಡಂ, ಈ ಪೇಪರ್ ಕನ್ನಡ ನಂಗೆ ಅಷ್ಟಾಗಿ ಅರ್ಥ ಆಗ್ಲಿಲ್ಲ” ಎಂದರು ಶ್ರೀಧರನ್. “ಬಟ್ ಫಸ್ಟ್ ಟೈಮ್ ಗಾಡಿ ಗುಂಡಿ ಬಿದ್ದ ವರ್ತೂರು ರೋಡಲ್ಲಿ ಹೋದಂಗಿತ್ತು. ಸೆಕೆಂಡ್ ಟೈಮ್ ಒಂದ್ ಗುಂಡೀನೂ ಇರ್ಲಿಲ್ಲ. ಗಿರಿಜಾ, ಪೇಪರ್ ಪ್ರಿಂಟ್ ಮಾಡ್ಸಿ. ಇದು ಈ ರಿಲೀಸಲ್ಲೇ ಬರುತ್ತೆ.”

ಮುನಿರತ್ನಮ್ಮ ಖುಷಿಗೆ ಅಲ್ಲಿದ್ದವರಿಗೆಲ್ಲ ಚೀಲದಿಂದ ನಿಪ್ಪಟ್ಟು ತೆಗೆದು ಹಂಚಿದರು.

ಸಂಚಿಕೆ ಅಚ್ಚಾಗಿ ಬಂದ ದಿನ ನಾಗರಾಜಪ್ಪನವರು ಮೊದಲ ಪ್ರತಿ ಹಿಡಿದು ನಿಂತಲ್ಲೇ ಓದಿದರು. ಅಧ್ಯಕ್ಷರು ಒಂದೇ ಸಾಲಿನಲ್ಲಿ, ಅಖಂಡವಾಗಿ ಕತ್ತೆತ್ತಿದ್ದರು. ಓದಿ ಮುಗಿಸಿದವರೇ ನನ್ನ ಹತ್ತಿರ ಬಂದು ದನಿ ತಗ್ಗಿಸಿ, “ಆ ಹಳೇದು ಒಂದ್ ಕಾಪಿ ಇದ್ರೆ ಕೊಡಮ್ಮ. ನಮ್ಮನೆಯೋಳು ನೋಡ್ಬೇಕಂತೆ” ಎಂದರು. ಕೊಟ್ಟೆ. ಆ ಮನೆಯಿಂದ ಬಂದ ನಗು ಬೀದಿಗೆಲ್ಲ ಕೇಳಿತಂತೆ.

ಅದುವರೆಗೆ ನಾನು ಪುಟವನ್ನು ಕಣ್ಣಿಗಾಗಿ ಕಟ್ಟುತ್ತಿದ್ದೆ. ಸಾಲುಗಳ ಅಂಚು ನೇರವಾಗಿದ್ದರೆ ಕೆಲಸ ಮುಗಿಯಿತು ಎಂದುಕೊಂಡಿದ್ದೆ. ಮನಸ್ಸಿನಲ್ಲೇ ಓದುವವನೂ ಒಳಗೊಳಗೆ ಒಂದು ದನಿ ಕೇಳುತ್ತಿರುತ್ತಾನೆ, ಆ ದನಿ ತಡವರಿಸದಂತೆ ನೋಡಿಕೊಳ್ಳುವುದೇ ನಮ್ಮ ಕೆಲಸ ಎಂದು ಈ ಕಸುಬು ನನಗೆ ಕಲಿಸಿತು. ಅಂದಿನಿಂದ ನಮ್ಮ ತಂಡದಲ್ಲಿ ಯಾವ ಭಾಷೆಯ ಲೇಔಟ್ ಆದರೂ ಗಟ್ಟಿಯಾಗಿ ಓದಿ ಕೇಳಿಯೇ ಮುಂದಕ್ಕೆ ಬಿಡುವುದು. ಒಂದು ಮೂಲೆಯಲ್ಲಿ ತೆಲುಗು, ಇನ್ನೊಂದರಲ್ಲಿ ಮಲಯಾಳಂ, ನಡುವೆ ತಮಿಳು. ಕೆಳಗಿನ ಮಹಡಿಯವರು ಒಮ್ಮೆ ಮೇಲೆ ಬಂದು, ಭಜನೆ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ವಿಚಾರಿಸಿ ಹೋದರು.

ಕೆಲವು ತಿಂಗಳ ನಂತರ ಶ್ರೀಧರನ್ ಕನ್ನಡ ಅಕ್ಷರ ಕಲಿಯಲು ಕೂತರು. ಒಂದು ಮಧ್ಯಾಹ್ನ ನನ್ನ ಮೇಜಿನ ಬಳಿ ಬಂದು, ಟೆಸ್ಟಿಗೆಂದು ತೆಗೆದಿಟ್ಟಿದ್ದ ಪುಟವೊಂದನ್ನು ಬೆರಳಿಟ್ಟು ಓದಿದರು. “ಊರಿ...ನವರೆಲ್ಲ... ಕೂಡಿ...ಕೊಂಡು... ಹಾಡಿ...ದರು.” ಒಂದೊಂದೇ ಅಕ್ಷರ ಕೂಡಿಸುತ್ತ, ಸಾಲಿನಿಂದ ಸಾಲಿಗೆ ಇಳಿದು, ಕೊನೆಗೆ ಗೆದ್ದವರಂತೆ ತಲೆಯೆತ್ತಿದರು.

ನಾನು ಎರಡನೆಯ ಸಾಲಿನ ಕೊನೆಯಲ್ಲಿ “ಕೂಡಿ” ಆದ ಮೇಲಿದ್ದ ಹೈಫನ್ ತೋರಿಸಿ, “ಇಲ್ಲಿ ಕಷ್ಟ ಆಯ್ತಾ ಸರ್?” ಎಂದು ಕೇಳಿದೆ.

ಅವರು ಬಗ್ಗಿ ನೋಡಿದರು. “ಅರೆ, ಇಲ್ಲಿ ಪದ ಕಟ್ ಆಗಿದ್ಯಾ?”