ದೊಡ್ಡಪ್ಪನ ಚೀಟಿ

ಹಂಪಿಯಲ್ಲಿ ಆರ್ಕೆಸ್ಟ್ರಾ ಇದೆ, ಬರ್ರಿ ಎಂದದ್ದೇ ನನ್ನ ತಪ್ಪು. ನಮ್ಮ ಕಡೆ ಆರ್ಕೆಸ್ಟ್ರಾ ಎಂದರೆ ಸಿನಿಮಾ ಹಾಡು, ಕುಣಿತ. ಬೇಕಾದ ಹಾಡನ್ನು ಚೀಟಿಯಲ್ಲಿ ಬರೆದು ವೇದಿಕೆಗೆ ಕೊಟ್ಟರೆ ಹಾಡುತ್ತಾರೆ. ಸಂಡೂರಿನ ನಮ್ಮ ದೊಡ್ಡಪ್ಪ ಇಸ್ತ್ರಿ ಅಂಗಿಯ ಜೇಬಿನಲ್ಲಿ ಪೆನ್ನು, ಚೀಟಿ ಇಟ್ಟುಕೊಂಡೇ ಬಸ್ಸು ಹತ್ತಿದ್ದರು.

ಆದರೆ ಇದು ಪಾಶ್ಚಾತ್ಯ ಸಂಗೀತದ ಆರ್ಕೆಸ್ಟ್ರಾ; ವೇದಿಕೆ ತುಂಬ ಪಿಟೀಲು, ಕೊಳಲು, ತುತ್ತೂರಿ ಹಿಡಿದ ಜನ. ಕಛೇರಿಗೆ ಮುಂಚೆ ಶ್ರುತಿ ಕೂಡಿಸಲು ಎಲ್ಲರೂ ಒಂದೇ ಸ್ವರ ಹಿಡಿದರು. ದೊಡ್ಡಪ್ಪ ಕಣ್ಣು ಮುಚ್ಚಿ ಕೈಮುಗಿದರು. ಆಮೇಲೆ ಒಬ್ಬರೇ ಜೋರಾಗಿ ಚಪ್ಪಾಳೆ ಹೊಡೆದರು.

"ಇನ್ನೂ ಶುರುನೇ ಆಗಿಲ್ಲ, ಸುಮ್ನ ಕುಂದ್ರಿ!" ಎಂದು ರೇಗಿದೆ.

ನುಡಿಸಿದ್ದು ಬೆಳಗಿನ ಪ್ರಾರ್ಥನೆಯ ಸಂಗೀತವಂತೆ. ಪಿಟೀಲುಗಳು ಮೆಲ್ಲಗೆ ಎದ್ದವು. ತುತ್ತೂರಿ ಮೊಳಗಿದಾಗ ಹಂಪಿಯ ಬಂಡೆಗಳ ಮೇಲೆ ಒಮ್ಮೆಲೇ ಬಿಸಿಲು ಬಿದ್ದಂತಾಗಿ ಮೈ ಜುಂ ಎಂದಿತು. ಮುಗಿದದ್ದೇ ಎದ್ದು ನಿಂತು ಅಂಗೈ ಉರಿಯುವಷ್ಟು ಚಪ್ಪಾಳೆ ಹೊಡೆದೆ. ತಿರುಗಿ ನೋಡಿದರೆ ಪಕ್ಕದ ಕುರ್ಚಿ ಖಾಲಿ!

ದೊಡ್ಡಪ್ಪ ವೇದಿಕೆಯ ಹತ್ತಿರ ನಿಂತಿದ್ದರು. ಕೋಲು ಹಿಡಿದು ಸಂಗೀತ ನಡೆಸಿದವರ ಕೈಯಲ್ಲಿ ಆಗಲೇ ಚೀಟಿ ಇತ್ತು. ಯಾವ ಸಿನಿಮಾ ಹಾಡು ಕೇಳಿದರೋ ಎಂದು ಓಡಿಹೋಗಿ ಚೀಟಿಯಲ್ಲಿ ಇಣುಕಿದೆ. ಬರೆದದ್ದು ಇಷ್ಟೇ:

"ಮೊದಲಿಗೆ ಎಲ್ಲಾರೂ ಕೂಡಿ ಒಂದೇ ಸ್ವರ ಹಿಡಿದ್ರಲ್ರೀ, ಅದು ಭಾಳ ಛಲೋ ಇತ್ತು. ಇನ್ನೊಮ್ಮೆ ನುಡಸ್ರಿ."

ಚೀಟಿ ಓದಿದ ಕೋಲಿನವರು ನಗಲಿಲ್ಲ. ವಾದ್ಯದವರ ಕಡೆ ತಿರುಗಿ ಕೋಲು ಎತ್ತಿದರು. ಅದೇ ಸ್ವರ ಮತ್ತೆ ತುಂಬಿಕೊಂಡಿತು.

ಈ ಸಲ ಮೊದಲು ಕೈಮುಗಿದವಳು ನಾನು.