ಬಾಯಿಬಿಟ್ಟು ಹೇಳಬಾರದ ಆಸೆ

ಮಧ್ಯಾಹ್ನ ಅಡುಗೆಮನೆಯ ಮೂಲೆಯಿಂದ ಹುಳಿ ವಾಸನೆ ಬಂತು. ನಾಳೆ ಮಗಳ ಕಿವಿ ಚುಚ್ಚುವ ಶಾಸ್ತ್ರ. ತಟ್ಟೆಗಳಲ್ಲಿ ಜೋಡಿಸಲೆಂದು ನನ್ನ ಗಂಡ ಮೊನ್ನೆಯೇ ಒಂದು ಬುಟ್ಟಿ ಪನ್ನೀರು ದ್ರಾಕ್ಷಿ ತಂದಿಟ್ಟಿದ್ದರು. ದಿಂಡಿಗಲ್ಲಿನ ಬಿಸಿಲು ಯಾವ ಹಣ್ಣಿಗೂ ಮರ್ಯಾದೆ ಕೊಡುವುದಿಲ್ಲ. ಕೆಳಗಿನ ಗೊಂಚಲುಗಳು ಒಡೆದು, ರಸ ಸೋರಿ, ನೊಣ ಮುತ್ತಿದ್ದವು. ಬೇರೆ ಯಾರಾದರೂ ಆಗಿದ್ದರೆ ಗಂಡನಿಗೆ ನಾಲ್ಕು ಮಾತು ಅಂದು ಬುಟ್ಟಿ ತೊಳೆದಿಡುತ್ತಿದ್ದರು. ನಾನು ಬುಟ್ಟಿಯ ಸಮೇತ ಹಣ್ಣನ್ನು ಬೀದಿಯಾಚೆಯ ಕಸದ ತೊಟ್ಟಿಗೆ ಎಸೆದು ಬಂದೆ. ನೆಲಕ್ಕೆ ಫಿನಾಯಿಲ್ ಹಾಕಿ ಒರೆಸಿದೆ, ಕಿಟಕಿಗಳನ್ನೆಲ್ಲ ತೆರೆದೆ. ಅಷ್ಟಾದ ಮೇಲೂ ಮೂಲೆಗೆ ಬಗ್ಗಿ ಮೂಸಿ ನೋಡಿದೆ. ಸಂಜೆಯ ಬಸ್ಸಿಗೆ ಸುರುಳಿ ಬರುತ್ತಾನೆ. ಆ ವಾಸನೆ ಅವನ ಮೂಗಿಗೆ ಬೀಳಬಾರದು.

ಸುರುಳಿ ನನ್ನ ತಮ್ಮ. ಕಂಬಂ ಕಣಿವೆಯಲ್ಲಿ ಬೀದಿಗೊಬ್ಬ ಸುರುಳಿ ಇರುತ್ತಾನೆ. ಅಲ್ಲಿನ ಜಲಪಾತದ ಹೆಸರನ್ನೇ ಗಂಡುಮಕ್ಕಳಿಗೆ ಇಡುವುದು ವಾಡಿಕೆ. ನನ್ನ ಮಗಳಿಗೆ ಇರುವ ಒಬ್ಬನೇ ಸೋದರಮಾವ ಅವನು. ಅವನ ತೊಡೆಯ ಮೇಲೆ ಕೂರಿಸದೆ ಮಗುವಿನ ಕಿವಿ ಚುಚ್ಚುವ ಹಾಗಿಲ್ಲ. ಅಷ್ಟೇ ಆಗಿದ್ದರೆ ನನಗೇನೂ ಚಿಂತೆ ಇರಲಿಲ್ಲ. ಶಾಸ್ತ್ರದ ಹಿಂದಿನ ಸಂಜೆ ಸೋದರಮಾವನಾದವನು ಭಾವಂದಿರನ್ನು ‘ಗವನಿಸಬೇಕು’. ಗವನಿಸುವುದು ಎಂದರೆ ನೋಡಿಕೊಳ್ಳುವುದು. ಊಟ, ಹಾಸಿಗೆ, ಎಲೆಅಡಿಕೆ ಎಂದು ನೀವು ತಿಳಿದುಕೊಂಡರೆ ನೀವು ಒಳ್ಳೆಯ ಮನೆತನದವರು. ನಮ್ಮಲ್ಲಿ ಅದಕ್ಕೆ ಬಾಟಲಿ ಎಂದೇ ಅರ್ಥ. ತಾನೇ ತಂದು, ತಾನೇ ಸುರಿದು, ಜೊತೆಯಲ್ಲಿ ಕೂರಬೇಕು. ಸುರುಳಿ ಕುಡಿತ ಬಿಟ್ಟು ವರ್ಷ ದಾಟಿದೆ.

ಹೀಗೆ ಕೈಕಾಲು ಆಡದೆ ಹೋದಾಗ ನಾನು ಬರೆಯಲು ಕೂರುತ್ತೇನೆ. ನಮ್ಮದು ಹೊಸ್ತಿಲ ಒಳಗೆ ಕನ್ನಡ, ಹೊರಗೆ ತಮಿಳು. ಈ ಅಕ್ಷರಗಳನ್ನು ಕಲಿತದ್ದು ದೊಡ್ಡವಳಾದ ಮೇಲೆ, ಪುಸ್ತಕ ನೋಡಿಕೊಂಡು. ಬರೆದದ್ದನ್ನು ಓದಿ ಹೇಳಿದರೆ ಸುರುಳಿ, “ಇದು ನಮ್ಮ ಮಾತಲ್ಲಕ್ಕಾ, ವಕೀಲರ ಮಾತು” ಅನ್ನುತ್ತಾನೆ. ಇರಲಿ, ವಕೀಲರಿಗೂ ಭಯ ಆಗುತ್ತದೆ.

ಅವನಿಗೆ ಕಂಬಂ ಪಕ್ಕದಲ್ಲಿ ದ್ರಾಕ್ಷಿ ಚಪ್ಪರ ಇದೆ. ಚಪ್ಪರದ ಕೆಲಸ ಎಂದರೆ ದಿನವಿಡೀ ತಲೆಯೆತ್ತಿ ಕೈಯೆತ್ತಿ ಮಾಡುವ ಕೆಲಸ. ಬಳ್ಳಿ ಸವರಬೇಕು, ಕಟ್ಟಬೇಕು, ಔಷಧಿ ಹೊಡೆಯಬೇಕು. ಸಂಜೆಯ ಹೊತ್ತಿಗೆ ಕತ್ತು ಆಚೀಚೆ ತಿರುಗುವುದಿಲ್ಲ. ಔಷಧಿ ಹೊಡೆದ ದಿನ ಒಂದಿಷ್ಟು ಬ್ರಾಂದಿ ಹೊಟ್ಟೆಗೆ ಹೋದರೆ ಮೈಗಿಳಿದ ವಿಷ ಮುರಿಯುತ್ತದೆ ಎಂಬುದು ನಮ್ಮ ಗಂಡಸರ ವೈದ್ಯಶಾಸ್ತ್ರ. ಸುರುಳಿಯೂ ಹಾಗೆಯೇ ಶುರುಮಾಡಿದ. ಮೊದಲು ಔಷಧಿ ಹೊಡೆದ ದಿನ, ಆಮೇಲೆ ಬಳ್ಳಿ ಸವರಿದ ದಿನ, ಆಮೇಲೆ ಏನೂ ಕೆಲಸವಿಲ್ಲದ ದಿನವೂ. ಬೆಳಗ್ಗೆ ಎದ್ದರೆ ಕಾಪಿ ಲೋಟ ಹಿಡಿಯಲಾಗದಷ್ಟು ಕೈ ನಡುಗುವ ಮಟ್ಟಕ್ಕೆ ಬಂತು. ಪೂಂಗೊಡಿ, ಅವನ ಹೆಂಡತಿ, ಹಟ ಹಿಡಿದು ತೇನಿಯ ಆಸ್ಪತ್ರೆಗೆ ಸೇರಿಸಿದಳು. ಹೀಗೆ ಕುಡಿದವರು ಮನೆಯಲ್ಲೇ ಒಮ್ಮೆಲೆ ಬಿಡಬಾರದು, ಜೀವಕ್ಕೆ ಅಪಾಯ ಎಂದು ಡಾಕ್ಟರು ಒಳಗೆ ಇಟ್ಟುಕೊಂಡು ನೋಡಿದರು. ಕಳಿಸುವಾಗ ಮಾತ್ರೆ ಬರೆದುಕೊಟ್ಟು ಒಂದು ಮಾತನ್ನೂ ಹೇಳಿದರು. ಆಸೆ ಬರುತ್ತದೆ, ಬಂದಾಗ ಯಾರಿಗಾದರೂ ಹೇಳು, ಸ್ವಲ್ಪ ಹೊತ್ತು ಏರಿ ತಾನೇ ಇಳಿಯುತ್ತದೆ. ನಾವೆಲ್ಲ ಶಾಲೆಯ ಮಕ್ಕಳಂತೆ ತಲೆಯಾಡಿಸಿದೆವು.

ಆಸ್ಪತ್ರೆಯಿಂದ ಅವ್ವ ಅವನನ್ನು ನೇರವಾಗಿ ಕಯಿರು ಕಟ್ಟಿಸಲು ಕರೆದುಕೊಂಡು ಹೋದಳು. ನಮ್ಮ ಕಡೆ ಕುಡಿತ ಬಿಡುವವರಿಗೆ ದೇವರ ಮುಂದೆ ಪೂಜಾರಿ ಕೈಗೆ ದಾರ ಕಟ್ಟುತ್ತಾರೆ. ದಾರ ಇರುವವರೆಗೆ ಮುಟ್ಟುವಂತಿಲ್ಲ, ಮುಟ್ಟಿದರೆ ರಕ್ತ ಕಾರುತ್ತಾನೆ ಎಂದು ನಂಬಿಕೆ. ಹಾಗೆ ಕಾರಿದವರ ಕಥೆ ಊರಿಗೊಂದು ಇರುತ್ತದೆ, ಕಂಡವರು ಮಾತ್ರ ಯಾವಾಗಲೂ ಪಕ್ಕದ ಊರಿನವರು. ಈ ಕಟ್ಟಳೆಗೆ ಅವ್ವ ತನ್ನದೂ ಒಂದು ಸೇರಿಸಿದಳು. ಕುಡಿಯುವುದಿರಲಿ, ಕುಡಿಯಬೇಕೆನ್ನುವ ಮಾತೂ ಬಾಯಿಂದ ಬರಬಾರದು. “ಬಾಯಲ್ಲಿ ಬಂದ್ರೆ ಸಾಮಿ ಕೇಳ್ತದೆ” ಅಂದಳು. ಅಲ್ಲಿಗೆ ಡಾಕ್ಟರ ಮಾತು ಆಸ್ಪತ್ರೆಯಲ್ಲೇ ಉಳಿಯಿತು.

ಆ ಮನೆ ಎಷ್ಟು ಮಡಿಯಾಯಿತೆಂದರೆ, ಅವ್ವ “ಕಾಪಿ ಕುಡಿ” ಎನ್ನುವುದನ್ನೂ ಬಿಟ್ಟು “ಕಾಪಿ ತಕ್ಕೋ” ಎನ್ನತೊಡಗಿದಳು. ನಾನು ಹಬ್ಬಕ್ಕೆ ಹೋದಾಗ ನಕ್ಕೆ. ನಕ್ಕರೂ ನಾನೂ ತಕ್ಕೋ ಎಂದೇ ಹೇಳಿದೆ. ಸುರುಳಿ ಸುಮ್ಮನೆ ಇರುತ್ತಿದ್ದ. ಸುಮ್ಮನಿದ್ದಾನೆ ಎಂದರೆ ಆಸೆ ಹೋಗಿದೆ, ದಾರ ಕೆಲಸ ಮಾಡಿದೆ ಎಂದು ನಾವು ಲೆಕ್ಕ ಹಾಕಿಕೊಂಡೆವು. ಹಾಗಿರುವಾಗ ಒಂದು ದಿನ ಪೂಂಗೊಡಿ ಫೋನು ಮಾಡಿದಳು.

“ಅತ್ತಿಗೆ, ದಿನಾ ಪೊಳುದು ಇಳಿಯೋ ಸಂಜೆ ಹೊತ್ಗೆ ವಂಡಿ ಎತ್ಕೊಂಡು ಹೋಗ್ತಾರೆ. ಎಲ್ಲಿಗೆ ಅಂದ್ರೆ ಸುಮ್ನೆ ಅಂತಾರೆ. ಅದೇ ರೋಡಲ್ಲಿ ಬ್ರಾಂದಿ ಅಂಗಡಿ ಅದೆ. ಅತ್ತೆ ಹತ್ರ ಹೇಳಿದ್ರೆ, ಕಯಿರು ಕಟ್ಟವ್ನೆ, ಸಂದೇಗ ಪಟ್ರೆ ಪಾಪ ಅಂತದೆ.”

“ವಾಸನೆ ಏನಾದ್ರೂ ಬಂತಾ?”

“ಇಲ್ಲೆ. ದಿನಾ ಅಂಗಿ ಮೂಸ್ತೀನಿ. ಸಗಣಿ ವಾಸನೆ ಬತ್ತದೆ.”

ಸಗಣಿ ವಾಸನೆ ಎಂದು ಕೇಳಿದ ಮೇಲಾದರೂ ನಾನು ಸಮಾಧಾನ ಪಡಬೇಕಿತ್ತು. ಹೆದರಿದ ಮನಸ್ಸು ಹಾಗೆ ಮಾಡುವುದಿಲ್ಲ. ಕುಡಿದು ಯಾರದೋ ಹಟ್ಟಿಯಲ್ಲಿ ಬಿದ್ದು ಎದ್ದು ಬರುತ್ತಾನೆ ಎಂದು ನಾನು ಆಗಲೇ ತೀರ್ಮಾನಿಸಿದ್ದೆ. ಮರುದಿನ ಬಸ್ಸು ಹತ್ತಿದೆ. ಉತ್ತಮಪಾಳಯಂ ದಾಟಿ ಬಾಳೆತೋಟಗಳು ಶುರುವಾದರೆ ಯಾವಾಗಲೂ ನನಗೆ ತವರಿನ ಸಂತೋಷ ಬರುತ್ತದೆ. ಅವತ್ತು ಕಿಟಕಿಯ ಆಚೆ ನೋಡಲೂ ಇಲ್ಲ.

ಸಂಜೆ ಅವನು ಬೈಕ್ ವಂಡಿಯ ಕೀಲಿ ತೆಗೆದುಕೊಂಡಾಗ, “ನಾನೂ ಬತ್ತೀನಿ” ಅಂದೆ.

“ನೀನ್ಯಾಕಕ್ಕಾ?”

“ಸುಮ್ನೆ.”

ಅವನು ನನ್ನ ಮುಖ ನೋಡಿ ಸ್ವಲ್ಪ ನಕ್ಕ. ಹಿಂದೆ ಕೂತೆ. ದಾರಿಯಲ್ಲಿ ನಿಲ್ಲಿಸಿ ಏರಿಸಿಕೊಂಡ ಜೋಳದ ಮೇವಿನ ಕಟ್ಟೊಂದು ನನ್ನ ಪಕ್ಕೆಗೆ ಚುಚ್ಚುತ್ತಿತ್ತು. ಅದೇಕೆ ಎಂದು ಕೇಳಲೂ ನನಗೆ ಧೈರ್ಯವಿರಲಿಲ್ಲ. ಬ್ರಾಂದಿ ಅಂಗಡಿ ಹತ್ತಿರ ಬಂದಾಗ ಅವನ ಬೆನ್ನು ಬಿಗಿಯಾದದ್ದು ನನಗೆ ಕಂಡಿತು. ವಂಡಿ ನಿಧಾನವಾಯಿತು. ನಾನು ಕಣ್ಣು ಮುಚ್ಚಿದೆ. ಗುಂಡಿ ಬಂದಿತ್ತಂತೆ, ಅದಕ್ಕೆ ನಿಧಾನ ಮಾಡಿದ. ಕಣ್ಣು ತೆರೆದಾಗ ಅಂಗಡಿ ಹಿಂದೆ ಹೋಗಿತ್ತು.

ಅವನು ನಿಲ್ಲಿಸಿದ್ದು ದೇವರ ದನಗಳ ದೊಡ್ಡಿಯ ಮುಂದೆ. ನಮ್ಮ ಹಿರಿಯರು ಈ ಕಣಿವೆಗೆ ದನಗಳ ಹಿಂದೆ ನಡೆದು ಬಂದರು ಎಂದು ಹೇಳುತ್ತಾರೆ. ಆ ದನಗಳ ಸಂತತಿ ಎಂದು ನಂಬುವ ಒಂದು ಮಂದೆಯನ್ನು ನಮ್ಮ ಜನ ಇಂದಿಗೂ ಕಾಪಾಡಿಕೊಂಡು ಬಂದಿದ್ದಾರೆ. ಅವುಗಳ ಹಾಲು ಕರೆಯುವುದಿಲ್ಲ, ಹೆಗಲಿಗೆ ನೊಗ ಇಡುವುದಿಲ್ಲ, ಮಾರುವುದಿಲ್ಲ. ಹಾಲೆಲ್ಲ ಕರುಗಳ ಪಾಲು. ದೊಡ್ಡಿಯ ಒಳಗೆ ಚಪ್ಪಲಿ ಬಿಟ್ಟು ಹೋಗಬೇಕು, ಕುಡಿದವನು ಕಾಲಿಡಬಾರದು. ಸುರುಳಿ ಚಪ್ಪಲಿ ಕಳಚಿ ಒಳಗೆ ಹೋದದ್ದನ್ನು ಕಂಡು ನನಗೆ ಅಳು ಬಂತು. ಆ ಒಂದು ಗಳಿಗೆ ನಾನು ನಿಜವಾಗಿ ನಿರಾಳವಾದೆ.

ಅವನು ಮೇವು ಬಿಚ್ಚಿ ಹರಡಿದ. ಕೊಂಬು ಬಾಗಿದ ಮುದಿ ಹಸುವೊಂದು ಅವನ ಹತ್ತಿರ ಬಂದು ನಿಂತಿತು. ಅವನು ಅದರ ಗಂಗೆದೊಗಲನ್ನು ಸವರುತ್ತಾ ಕಿವಿಯ ಬಳಿ ಏನೋ ಹೇಳಿದ. ಹರಕೆ ಎಂದುಕೊಂಡೆ.

“ಏನೋ ಬೇಡ್ಕೊಂಡೆ?”

“ಬೇಡ್ಕೊಳ್ಳಲ್ಲೆ ಅಕ್ಕಾ. ಹೇಳ್ದೆ.”

“ಏನಂತ?”

ಅವನು ಹಸುವನ್ನೇ ನೋಡುತ್ತಿದ್ದ. “ಕುಡೀಬೇಕು ಅಂತ ಆಸೆ ಬತ್ತಾದೆ ಅಂತ.”

ಅವನ ಬಾಯಿ ಮುಚ್ಚಲು ನನ್ನ ಕೈ ತಾನಾಗಿ ಮೇಲೆದ್ದಿತ್ತು. ದಾರ ಕಟ್ಟಿಸಿಕೊಂಡವನ ಬಾಯಲ್ಲಿ ಆ ಮಾತು, ಅದೂ ದೇವರ ದನಗಳ ನಡುವೆ. ಓದಿದವಳು ಎಂದು ಹೆಮ್ಮೆ ಪಡುವ ನಾನೂ ಅವ್ವನ ಮಗಳೇ.

“ಮನೇಲಿ ಹೇಳಂಗಿಲ್ಲೆ” ಅಂದ. “ಹೇಳಿದ್ರೆ ಅವ್ವ ಸಾಮಿ ಮುಂದೆ ಬಿದ್ದು ಅಳ್ತದೆ. ಪೂಂಗೊಡಿ ಮುಕ ನೋಡಕ್ಕಾಗಲ್ಲೆ. ಸುಮ್ನೆ ಇದ್ರೆ ಒಳಗೇ ದೊಡ್ಡದಾಗ್ತಾ ಬತ್ತದೆ. ಇಲ್ಲಿ ಬಂದು ಬಾಯಿಬಿಟ್ಟು ಹೇಳ್ಬುಟ್ರೆ ಕೊಂಚ ಹೊತ್ಗೆ ಇಳೀತದೆ. ಇವು ಯಾರ ಹತ್ರ ಹೋಗಿ ಹೇಳ್ತವೆ.”

“ದಿನಾ ಬತ್ತದಾ?”

“ದಿನಾ. ಚಪ್ಪರದಿಂದ ಬಂದು, ಹಸಿದು, ಕತ್ತು ನೋಯ್ತಾ ಇರ್ತದಲ್ಲ, ಆಗ ಜಾಸ್ತಿ.”

ಇಷ್ಟು ದಿನ ನಾವು ಆಸೆ ಹೋಯಿತೆಂದು ಹರಕೆ ತೀರಿಸುತ್ತಿದ್ದಾಗ, ಅವನು ದಿನಾ ಸಂಜೆ ಅದನ್ನು ಹೊತ್ತುಕೊಂಡು ಬ್ರಾಂದಿ ಅಂಗಡಿ ದಾಟಿ ಇಲ್ಲಿಗೆ ಬರುತ್ತಿದ್ದ. ಕುಡಿಯಬೇಕು ಅನ್ನಿಸುತ್ತದೆ ಎಂದು ಹೇಳುವವನೇ ಕುಡಿಯಲು ಹೊರಟವನು ಎಂದು ನಾವು ತಿಳಿದಿದ್ದೆವು. ಆ ಮುದಿ ಹಸುವಿಗೆ ಇದ್ದ ತಾಳ್ಮೆ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ನನಗೆ ತುಂಬಾ ನಾಚಿಕೆಯಾಯಿತು.

ದೊಡ್ಡಿಗೆ ಹೋಗಲಾಗದ ದಿನ ನನಗೆ ಫೋನು ಮಾಡು ಎಂದು ಹೇಳಿ ಬಂದೆ. ಮಾಡಿದ. ನಾನು ಆ ಕೆಲಸದಲ್ಲಿ ಹಸುವಿನಷ್ಟು ಜಾಣೆಯಲ್ಲ. ಮೊದಲ ಸಲ ಬುದ್ಧಿ ಹೇಳಿದೆ, ಫೋನು ಇಟ್ಟುಬಿಟ್ಟ. ಇನ್ನೊಂದು ಸಲ ನಾನೇ ಅತ್ತುಬಿಟ್ಟೆ, ಅವನೇ ನನ್ನನ್ನು ಸಮಾಧಾನ ಮಾಡಬೇಕಾಯಿತು. ಬರಬರುತ್ತಾ ಕೇಳುವುದನ್ನು ಕಲಿತೆ. ಆಸೆ ಮೈಯಲ್ಲಿ ಎಲ್ಲಿ ಆಗುತ್ತಿದೆ ಎಂದು ಕೇಳಿದರೆ, ನಾಲಿಗೆಯ ಬುಡದಲ್ಲಿ, ಎದೆಯಲ್ಲಿ ಎಂದು ತಾನೇ ಹುಡುಕಿ ಹೇಳುತ್ತಾನೆ. ಹೇಳುತ್ತಾ ಹೇಳುತ್ತಾ ಮಾತು ದ್ರಾಕ್ಷಿ ಬೆಲೆಯ ಕಡೆಗೋ ನನ್ನ ಮಗಳ ತರಲೆಯ ಕಡೆಗೋ ಹೊರಳುತ್ತದೆ. ಪೂಂಗೊಡಿಗೂ ಅವನೇ ಹೇಳಿದ. ಅವಳು ಈಗ ಅವನು ಚಪ್ಪರದಿಂದ ಬರುವ ಮೊದಲೇ ಕಡಲೆ ಸುಂಡಲ್, ಮಜ್ಜಿಗೆ ಇಟ್ಟಿರುತ್ತಾಳೆ, ಕತ್ತಿಗೆ ಬಿಸಿನೀರು ಹುಯ್ಯುತ್ತಾಳೆ. ಹೊಟ್ಟೆ ತುಂಬಿ ಕತ್ತು ಸಡಿಲವಾದರೆ ಆಸೆಗೆ ಅರ್ಧ ಬಲ ಹೋಗುತ್ತದೆಯಂತೆ. ಆಮೇಲೆ ಇಬ್ಬರೂ ಕಾಲುವೆಯ ಏರಿಯ ಮೇಲೆ ನಡೆದು ಬರುತ್ತಾರೆ. ಅವ್ವನಿಗೆ ಮಾತ್ರ ಯಾರೂ ಏನೂ ಹೇಳಿಲ್ಲ. ಅವಳ ಪಾಲಿಗೆ ಆ ಆಸೆ ದಾರ ಕಟ್ಟಿದ ದಿನವೇ ಸತ್ತಿದೆ. ಇವತ್ತು ಅವಳೂ ಅವನ ಜೊತೆಗೆ ಬರುತ್ತಿದ್ದಾಳೆ. ಭಾವಂದಿರು, ಬಾಟಲಿ, ಅವ್ವ, ಮೂರೂ ಒಂದೇ ಮನೆಯೊಳಗೆ.

ಇಲ್ಲಿಯವರೆಗೆ ಬರೆದಾಗ ಬಾಗಿಲು ಬಡಿದರು. ಮಿಕ್ಕದ್ದನ್ನು ಎಲ್ಲ ಮುಗಿದ ಮೇಲೆ ಈಗ ಬರೆಯುತ್ತಿದ್ದೇನೆ. ಮಗಳು ಊದಿಕೊಂಡ ಕಿವಿಗಳೊಂದಿಗೆ ಪಕ್ಕದಲ್ಲಿ ಮಲಗಿದ್ದಾಳೆ. ಅವಳು ಅತ್ತ ಅಳುವಿಗೆ ಸೋದರಮಾವನ ಹೊಸ ಅಂಗಿಯೆಲ್ಲ ಒದ್ದೆಯಾಗಿತ್ತು. ಆದರೆ ನಾನು ಹೇಳಬೇಕಾದದ್ದು ಹಿಂದಿನ ಸಂಜೆಯ ಮಾತು.

ಭಾವಂದಿರು ಮಹಡಿಯ ಮೇಲೆ ಚಾಪೆ ಹಾಸಿಕೊಂಡು ಕೂತಿದ್ದರು. ಬಾಟಲಿಯ ಕೆಲಸವನ್ನೆಲ್ಲ ತಾವೇ ನೋಡಿಕೊಳ್ಳುವುದಾಗಿ ನನ್ನ ಗಂಡ ಮಾತು ಕೊಟ್ಟಿದ್ದರು, ಹಾಗೆಯೇ ಮಾಡಿದರು. ಆದರೂ ಸುರುಳಿ ನೀರಿನ ಕೊಡ ಕೊಡಲು ಮೇಲೆ ಹೋದಾಗ ದೊಡ್ಡ ಭಾವ ಕೇಳಿದ್ದು ಕೆಳಗೆ ನನಗೆ ಕೇಳಿಸಿತು. “ಏನಪ್ಪಾ ತಾಯಿಮಾಮ, ನೀರು ಕೊಟ್ಟು ಗವನಿಸ್ತಿಯಾ? ಕೂರು. ಒಂದೇ ಒಂದು.” ನನ್ನ ಗಂಡ, “ಅವನನ್ನ ಬಿಡಿ ಅಣ್ಣಾ” ಅಂದರು. ಯಾರೋ ನಕ್ಕರು. ಸುರುಳಿ ಮೆಟ್ಟಿಲಿಳಿದು ಬಂದ. ನನಗೆ ಹೇಳು ಎಂದು ನಾನು ಅಡ್ಡ ನಿಂತೆ. ಅವನು ನನ್ನನ್ನು ದಾಟಿ ಅಡುಗೆಮನೆಗೆ ಹೋದ.

ಅಲ್ಲಿ ಅವ್ವ ಮೊರದ ತುಂಬಾ ಸಣ್ಣ ಈರುಳ್ಳಿ ಹರಡಿಕೊಂಡು ನಾಳೆಯ ಸಾರಿಗೆ ಸುಲಿಯುತ್ತಾ ಕೂತಿದ್ದಳು. ಅವನು ಅವಳ ಎದುರಿಗೆ ಕುಕ್ಕರುಗಾಲಲ್ಲಿ ಕೂತ.

“ಅವ್ವಾ.”

“ಏನ್ಲಾ?”

“ಕುಡೀಬೇಕು ಅಂತ ಆಗ್ತದೆ ಅವ್ವಾ.”

ಅವ್ವನ ಕೈ ನಿಂತಿತು. ಅವನ ಕೈಯ ದಾರ ನೋಡಿದಳು, ದೇವರ ಗೂಡಿನ ಕಡೆ ನೋಡಿದಳು, ಬಾಗಿಲಲ್ಲಿ ನಿಂತ ನನ್ನನ್ನು ನೋಡಿದಳು. ಈಗ ಬೀಳುತ್ತಾಳೆ, ಅಳುತ್ತಾಳೆ, ಮಹಡಿಯವರೆಲ್ಲ ಇಳಿದು ಬರುತ್ತಾರೆ, ಇವನು ಎದ್ದು ಬೀದಿಗೆ ಹೋಗುತ್ತಾನೆ. ತಡೆಯಲೆಂದು ನಾನು ಬಾಗಿಲಿಗೆ ಕೈ ಅಡ್ಡ ಇಟ್ಟೆ.

“ತುಂಬಾ ಆಗ್ತದಾ?” ಅಂದಳು ಅವ್ವ.

“ಹೂಂ.”

“ಎಷ್ಟೊತ್ತು ಇರ್ತದೆ ಅದು?”

“ಕೊಂಚ ಹೊತ್ತು. ಅಪ್ರಂ ಇಳೀತದೆ.”

ಅವ್ವ ಮೊರವನ್ನು ಇಬ್ಬರ ನಡುವೆ ಎಳೆದಳು. “ಅಷ್ಟೊತ್ತು ಇಲ್ಲೇ ಇರು. ಇದ ಸುಲಿ.”

ಅವನು ಸುಲಿಯತೊಡಗಿದ. ಈರುಳ್ಳಿಯ ಘಾಟಿಗೆ ಇಬ್ಬರ ಕಣ್ಣಲ್ಲೂ ನೀರು ಇಳಿಯುತ್ತಿತ್ತು. ನಾನೂ ಹೋಗಿ ಪಕ್ಕದಲ್ಲಿ ಕೂತೆ. ಮೇಲಿನಿಂದ ನಗು ಕೇಳಿಸಿದಾಗಲೆಲ್ಲ ಅವನ ಬೆರಳು ನಿಲ್ಲುತ್ತಿತ್ತು, ಅವ್ವನ ಬೆರಳೂ ನಿಲ್ಲುತ್ತಿತ್ತು.

“ಇನ್ನೂ ಅದಾ?” ಅವ್ವ ತಲೆಯೆತ್ತದೆ ಕೇಳಿದಳು.

“ಅದೆ.”

ಇನ್ನಷ್ಟು ಸುಲಿದರು. ಮೊರ ಖಾಲಿಯಾಯಿತು.

“ಈಗ?”

ಅವನು ಸುಳ್ಳು ಹೇಳಲಿಲ್ಲ. “ಇನ್ನೂ ಕೊಂಚ ಅದೆ ಅವ್ವಾ.”

ಅವ್ವ ನನ್ನ ಕಡೆ ತಿರುಗಿದಳು. “ಬೆಳ್ಳುಳ್ಳಿ ಎಲ್ಲಿ ಮಡಗಿದ್ದೀಯ, ತಕ್ಕಂಡು ಬಾ.”