ನಮ್ಮೂರಿಗೆ ಹೆಣ್ಣುಮಕ್ಕಳ ಸಾಲಿ ಮಂಜೂರಾದದ್ದು

ಭೀಮಾ ಹೊಳೆಯ ಈಚೆ ದಂಡೆ ಮೊಗಲಾಯಿ. ನಿಜಾಮರ ಸೀಮೆಯನ್ನು ನಮ್ಮ ಕಡೆ ಹಾಗೇ ಕರೆಯುತ್ತಿದ್ದರು. ಆಚೆ ದಂಡೆ ಇಂಗ್ರೇಜಿ, ಬ್ರಿಟಿಷರದು. ಬೇಸಿಗೆಯಲ್ಲಿ ನೀರು ಮೊಣಕಾಲಿಗೆ ಇಳಿದರೆ ಎಮ್ಮೆಗಳು ಒಂದು ಸರಕಾರದಿಂದ ಇನ್ನೊಂದು ಸರಕಾರಕ್ಕೆ ಮೇಯುತ್ತ ಹೋಗಿ ಬರುತ್ತಿದ್ದವು. ಎರಡೂ ಕಡೆ ಜೋಳ ಅದೇ, ಮಾತು ಅದೇ, ಬೀಗತನವೂ ಆಚೆಗೂ ಈಚೆಗೂ. ಸಾಲಿ ಮಾತ್ರ ಬೇರೆ. ಆಚೆ ಊರಿನ ಸಾಲಿಯಲ್ಲಿ ಕನ್ನಡ ಕಲಿಸುತ್ತಿದ್ದರು, ಹುಡುಗಿಯರೂ ಹೋಗುತ್ತಿದ್ದರು. ಕರಜಗಿಯಿಂದ ಹೊಳೆಯ ಕಡೆ ನಡೆದರೆ ಸಿಗುವ ನಮ್ಮ ಸಣ್ಣ ಊರಿನಲ್ಲಿ ಇದ್ದದ್ದು ಗಂಡುಹುಡುಗರ ಸಾಲಿ ಒಂದೇ. ಅಲ್ಲಿ ಒಬ್ಬರೇ ಮಾಸ್ತರರು, ಪಾಠವೆಲ್ಲ ಉರ್ದುವಿನಲ್ಲಿ. ಮನೆಯಲ್ಲಿ ಕನ್ನಡ ಆಡುವ ಹುಡುಗರು ಅಲ್ಲಿ ಹೋಗಿ ಅರ್ಥವಾಗದ್ದನ್ನು ಬಾಯಿಪಾಠ ಮಾಡಿ ಬರುತ್ತಿದ್ದರು. ಹುಡುಗಿಯರಿಗೆ ಅದೂ ಇರಲಿಲ್ಲ.

ನನ್ನ ಅತ್ತಿ, ಅಂದರೆ ಅಪ್ಪನ ತಂಗಿ, ಸಣ್ಣವಳಿರುವಾಗಲೇ ಹೊಳೆಯ ಆಚೆ ಊರಿಗೆ ಸೊಸೆಯಾಗಿ ಹೋಗಿದ್ದಳು. ಅವಳ ಮಾವ ತನ್ನ ಹೆಣ್ಣುಮಕ್ಕಳ ಜತೆಗೆ ಸೊಸೆಯನ್ನೂ ಸಾಲಿಗೆ ಕಳಿಸಿದ ಮನುಷ್ಯ. ಅವಳು ನಾಲ್ಕನೆಯ ಇಯತ್ತೆ ಮುಗಿಸಿದಳು. ಮುಂದೆ ಕೆಲವು ವರ್ಷಕ್ಕೆ ಗಂಡ ಜ್ವರದಲ್ಲಿ ತೀರಿಕೊಂಡ. ಹಿಂದೆಯೇ ಮಾವನೂ ಹೋದ. ಮಕ್ಕಳಿರಲಿಲ್ಲ. ಅಪ್ಪ ಬಂಡಿ ಕಟ್ಟಿಕೊಂಡು ಹೋಗಿ ತಂಗಿಯನ್ನು ಕರೆತಂದ. ಆಗ ನನಗೆ ಏಳು ವರ್ಷವಿರಬಹುದು. ದೂರದ ದೇಶಗಳಲ್ಲಿ ಯುದ್ಧ ಶುರುವಾಗಿದೆ ಎಂದು ದೊಡ್ಡವರು ಮಾತಾಡುತ್ತಿದ್ದ ಕಾಲ.

ನಮ್ಮದು ಶರಣರನ್ನು ನಂಬಿದ ಮನೆ. ವಚನಗಳು ಎಲ್ಲರ ಬಾಯಲ್ಲಿದ್ದವು, ಓದಲು ಯಾರಿಗೂ ಬರುತ್ತಿರಲಿಲ್ಲ. ಅತ್ತಿ ಮಧ್ಯಾಹ್ನ ಪಡಸಾಲಿಯಲ್ಲಿ ಕೂತು ನಮ್ಮ ಆಯಿಗೆ, ಅಂದರೆ ತನ್ನ ತಾಯಿಗೆ, ವಚನದ ಪುಸ್ತಕ ಓದಿ ಹೇಳುತ್ತಿದ್ದಳು. ಆಯಿ ಕಣ್ಣು ಮುಚ್ಚಿ ಕೇಳುವಳು, ನಾನು ಕಣ್ಣು ಬಿಟ್ಟು ಕಾಗದ ನೋಡುವೆ.

"ಅತ್ತೀ, ಅದ್ರಾಗ ನಿನಗೇನು ಕಾಣ್ತದ?" ಎಂದು ಒಂದು ದಿನ ಕೇಳಿದೆ.

"ಕಲಸ್ತೇನಿ, ಕೂಡು," ಎಂದಳು.

ಒಲೆಯ ಬೂದಿಯನ್ನು ನೆಲದ ಮೇಲೆ ತೆಳ್ಳಗೆ ಹರಡಿ, ನನ್ನ ಬೆರಳು ಹಿಡಿದು ಅ ತಿದ್ದಿಸಿದಳು. ಮರುದಿನ ಪಕ್ಕದ ಮನೆಯ ಗೆಳತಿ ಬಂದಳು. ಆಮೇಲೆ ಅವಳ ಅಕ್ಕ, ಅಕ್ಕನ ಟೊಂಕದ ಮೇಲೆ ತಮ್ಮ. ಸುಗ್ಗಿ ಮುಗಿಯುವ ಹೊತ್ತಿಗೆ ಪಡಸಾಲಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಬೂದಿ ಹೊತ್ತು ಹೊತ್ತು ಆಯಿಗೆ ಸಾಕಾಗಿತ್ತು.

ಆಗ ಗೌಡರು ಬಂದರು. ಒಳ್ಳೆಯ ಮನುಷ್ಯರೇ, ಆದರೆ ಸರಕಾರವೆಂದರೆ ಅಂಜುವವರು.

"ನಿನ್ನ ತಂಗಿ ಸಾಲಿ ನಡಸಾಕತ್ತಾಳಂತ, ಖರೇನಾ?" ಎಂದು ಅಪ್ಪನನ್ನು ಕೇಳಿದರು.

"ಸಾಲಿ ಎಲ್ಲಿದ್ರೀ ಗೌಡ್ರ, ನಾಕು ಹುಡುಗ್ಯಾರು ಕೂತು ಅ ಆ ತಿದ್ತಾವ."

"ಅದಕ್ಕs ಸಾಲಿ ಅಂತಾರೋ ಮಾರಾಯಾ. ಸ್ವಂತದ ಖಾನಗಿ ಸಾಲಿ ತೆಗೀಬೇಕಂದ್ರ ಸರಕಾರದ ಇಜಾಜತ್ ಬೇಕು, ಪರವಾನಗಿ ಬೇಕು, ಕಾಯ್ದೆ ಅದ. ಇಜಾಜತ್ ಇಲ್ದ ನಡಸಿದ್ರ ನಿನ್ನೂ ಕೇಳ್ತಾರ, ನನ್ನೂ ಕೇಳ್ತಾರ. ಅಫಜಲಪುರದ ಕಚೇರಿಗೆ ಸುದ್ದಿ ಮುಟ್ಟೇದ."

ಅತ್ತಿ ಒಳಗಿನಿಂದಲೇ ಎಲ್ಲ ಕೇಳಿದಳು. ಹೊರಗೆ ಬಂದು ಹುಡುಗಿಯರನ್ನು ಎಬ್ಬಿಸಿ ಮನೆಗೆ ಕಳಿಸಿದಳು, ಬೂದಿ ಬಳಿದಳು, ನೆಲ ಸಾರಿಸಿದಳು. ಅವತ್ತು ಅವಳು ಊಟ ಮಾಡಲಿಲ್ಲ.

ಕೆಲವು ದಿನಕ್ಕೆ ಹುಡುಗರ ಸಾಲಿ ತಪಾಸಣೆಗೆ ಇನ್ಸ್‌ಪೆಕ್ಟರ್ ಸಾಹೇಬರು ಬಂದರು. ತಾನೂ ಹೋಗಿ ಅವರನ್ನು ಕಾಣುತ್ತೇನೆ ಎಂದು ಅತ್ತಿ ಹಟ ಹಿಡಿದಳು. ಅಪ್ಪ ಮುಂದೆ, ಅತ್ತಿ ಹಿಂದೆ, ಅವಳ ಸೆರಗು ಹಿಡಿದು ನಾನು. ಸಾಹೇಬರು ವಯಸ್ಸಾದವರು. ಹೊಸ ಬೂಟು ಕಚ್ಚಿ ಕಾಲು ಬಾತಿತ್ತು, ಉಪ್ಪು ಹಾಕಿದ ಬಿಸಿನೀರಿನ ಬೋಗುಣಿಯಲ್ಲಿ ಎರಡೂ ಪಾದ ಇಟ್ಟುಕೊಂಡು ಕೂತಿದ್ದರು. ಅಂಜಿಕೊಂಡು ಹೋಗಿದ್ದ ನನಗೆ ಅದನ್ನು ನೋಡಿ ಧೈರ್ಯ ಬಂತು.

"ನೀನೇನಮ್ಮಾ ಸಾಲಿ ತೆಗದಾಕಿ?" ಎಂದರು.

"ಹೌದ್ರಿ ಸಾಹೇಬ್ರ. ಈಗ ಮುಚ್ಚೇನ್ರಿ. ಇಜಾಜತ್ ಹ್ಯಾಂಗ ತಗೋಬೇಕು ಅಂತ ಕೇಳಾಕ ಬಂದೇನ್ರಿ."

ಬೈಯಬೇಕೆಂದು ಸಿದ್ಧರಾಗಿದ್ದವರು ಬೋಗುಣಿಯಿಂದ ಒಂದು ಕಾಲು ಎತ್ತಿ ಒರೆಸಿಕೊಂಡರು. "ಖಾನಗಿ ಸಾಲಿಗೆ ಇಜಾಜತ್ ಕೇಳಿದ್ರ ಈ ದಿನಮಾನದಾಗ ಸಿಗೂದು ಕಷ್ಟ. ಇನ್ನೊಂದು ದಾರಿ ಅದ. ಬಜೆಟ್‌ನಾಗ ಹೆಣ್ಮಕ್ಕಳ ಸಾಲಿಗಂತ ರೊಕ್ಕ ಇಟ್ಟಾರ. ಅಫಜಲಪುರ, ಆಳಂದ, ಜೇವರ್ಗಿ, ಎಲ್ಲಾ ಕಡೆ ಉಸ್ತಾನಿ, ಅಂದ್ರ ಕಲಸೂ ಅಕ್ಕೋರ, ಜಾಗಾ ಖಾಲಿ ಅವ. ಹಳ್ಳಿಗೆ ಬಂದು ಕಲಸೂ ಹೆಣ್ಮಕ್ಕಳು ಸಿಗವಲ್ಲರು. ವರ್ಷ ಮುಗೀತದ, ಆ ರೊಕ್ಕ ಹಾಂಗs ಹೈದರಾಬಾದಿಗೆ ವಾಪಸ್ ಹೋಗ್ತದ. ನೀ ಉರ್ದು ಪರೀಕ್ಷಾ ಪಾಸಾಗು, ನಾ ನಿನ್ನ ಸಲುವಾಗಿ ಬರೀತೇನಿ."

"ಉರ್ದು ಒಂದಕ್ಷರ ಬರಂಗಿಲ್ರಿ."

"ಕನ್ನಡ ಹುಟ್ಟಿದಾಗಲೇ ಬರ್ತಿತ್ತೇನು?" ಎಂದು ಸಾಹೇಬರು ನಕ್ಕರು.

ಮನೆಯ ಬಾಗಿಲೊಳಗೆ ಬಂದವಳೇ ಅತ್ತಿ, "ನಮ್ಮ ಮಕ್ಕಳಿಗೆ ನಮ್ಮ ಅಕ್ಷರ ಕಲಸಾಕ ನಾ ಯಾಕ ಅವರ ಅಕ್ಷರ ಕಲೀಬೇಕು?" ಎಂದಳು.

"ಬ್ಯಾಡಂದ್ರ ಬಿಡು ತಂಗಿ," ಎಂದ ಅಪ್ಪ.

"ಬಿಡೂ ಮಾತಲ್ಲ ಅಣ್ಣಾ. ಸಿಟ್ಟು ಬಂದದ, ಅಷ್ಟ."

ಆಯಿಗೆ ಬೇರೆಯೇ ಚಿಂತೆ. "ಪಗಾರಕ್ಕ ದುಡಿಯೂ ಹೆಣ್ಮಗಳು ನಮ್ಮ ಮನ್ಯಾಗ ಇಲ್ಲೀತನಕ ಹುಟ್ಟಿಲ್ಲ," ಎಂದು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು.

"ಹುಟ್ಟ್ಯಾಳಬೇ, ನೀನs ಹಡದಿ," ಎಂದ ಅಪ್ಪ. ಆಯಿಗೆ ನಗು ತಡೆಯಲಾಗಲಿಲ್ಲ, ಆದರೂ ತಿರುಗಿ ನೋಡಲಿಲ್ಲ.

ಉರ್ದು ಕಲಿಸುವವರು ಯಾರು? ಮಾಸ್ತರರ ಹತ್ತಿರ ಹೋಗಿ ಕೂಡುವಂತಿಲ್ಲ. ಅವರ ಹೆಂಡತಿ ಕಲಬುರ್ಗಿ ಪಟ್ಟಣದವರು, ಓದಿದವರು. ಪರದೆಯ ಮನೆಯಾದ್ದರಿಂದ ಹೊರಗೆ ಬರುತ್ತಿರಲಿಲ್ಲ. ಊರಲ್ಲೆಲ್ಲ ಅವರಿಗೆ ಬೀಬಿಯವರು ಎಂದೇ ಹೆಸರು. ಮಾತಿಗೆ ಯಾರಾದರೂ ಸಿಕ್ಕರೆ ಸಾಕೆಂದು ಕಾಯುತ್ತಿದ್ದ ಅವರಿಗೆ ನಾವಿಬ್ಬರೂ ದಿನಾ ಮಧ್ಯಾಹ್ನ ಹೋದದ್ದು ಹಬ್ಬವಾಯಿತು. ಅತ್ತಿಯ ಕೈ ಎಡಗಡೆಯಿಂದಲೇ ಶುರು ಮಾಡುತ್ತಿತ್ತು. ಬೀಬಿಯವರು ಅದನ್ನು ಹಿಡಿದು ಬಲಗಡೆಗೆ ಇಡುತ್ತಿದ್ದರು. ಒಂದೇ ಅಕ್ಷರ ಒಂದೊಂದು ಕಡೆ ಒಂದೊಂದು ರೂಪ ತಾಳುವುದು ಅತ್ತಿಗೆ ತಲೆನೋವಾಗಿತ್ತು.

"ನೋಡ್ರಿ ಅಕ್ಕಾ, ಈಕಿ 'ಬೇ'. ಒಬ್ಬಾಕೀನೇ ಇದ್ದಾಗ ಆರಾಮ ಕಾಲು ಚಾಚಿ ಕೂಡ್ತಾಳ. ನಾಕು ಮಂದಿ ನಡುವ ಬಂದ್ರ ಕಾಲು ಮಡಚಗೋತಾಳ. ಆಕೀನೇ ಈಕಿ, ಬ್ಯಾರೆ ಅಲ್ಲ," ಎಂದು ಬೀಬಿಯವರು ಹೇಳಿದ ಮೇಲೆ ಅತ್ತಿಗೆ ದಾರಿ ಸಿಕ್ಕಿತು. ಆಮೇಲೆ ಅವಳು ಪ್ರತಿ ಅಕ್ಷರಕ್ಕೂ ಊರಿನ ಯಾರಾದರೊಬ್ಬ ಹೆಂಗಸನ್ನು ಗುರುತು ಹಚ್ಚುತ್ತಿದ್ದಳು. ಇಬ್ಬರೂ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು.

ಪರೀಕ್ಷೆ ಕಲಬುರ್ಗಿಯಲ್ಲಿ. ಬಂಡಿಯಲ್ಲಿ ಗಾಣಗಾಪುರದ ಸ್ಟೇಷನ್‌ಗೆ, ಅಲ್ಲಿಂದ ರೈಲು. ನಾನು ಕಂಡ ಮೊದಲ ರೈಲು ಅದು. ಮೊದಲ ಸಲ ಅತ್ತಿ ನಪಾಸಾದಳು. ಹೇಳಿದ್ದನ್ನು ಕೇಳಿ ಬರೆಯುವುದರಲ್ಲಿ ತಪ್ಪಿದ್ದಳು. ಸುದ್ದಿ ಬಂದ ದಿನ ಅವಳಿಗಿಂತ ಹೆಚ್ಚು ಅತ್ತವರು ಬೀಬಿಯವರು. "ನಾ ಮೆಲ್ಲಕ ಮೆಲ್ಲಕ ಹೇಳಿ ಬರಿಸಿದೆ, ಅಲ್ಲಿ ಅವರು ಓಡಿಸಿದ್ರು," ಎಂದು ತಮ್ಮನ್ನೇ ಬೈದುಕೊಂಡರು. ಮರುದಿನದಿಂದ ಅವರು ಗಡಗಡ ಓದುವುದು, ಅತ್ತಿ ಬರೆಯುವುದು. ಬೇಕೆಂದೇ ರೊಟ್ಟಿ ಬಡಿಯುತ್ತ ಓದುತ್ತಿದ್ದರು, ಸದ್ದಿನಲ್ಲಿಯೂ ಮಾತು ಕಿವಿಗೆ ಬೀಳಲಿ ಎಂದು. ಮುಂದಿನ ವರ್ಷ ಅತ್ತಿ ಪಾಸಾದಳು.

ಪಾಸಾದರೆ ಸಾಲಿ ಬಂದೇ ಬಿಡುತ್ತದೆ ಎಂದುಕೊಂಡಿದ್ದೆವು. ಯುದ್ಧದ ಖರ್ಚಿದೆ, ಹೊಸ ಸಾಲಿಗಳಿಲ್ಲ ಎಂದು ಮೇಲಿನಿಂದ ಹುಕುಮ್ ಬಂದಿತ್ತು. ಮಳೆಗಾಲ ಹೋಯಿತು, ಜೋಳ ತೆನೆ ಹಿಡಿಯಿತು, ಅತ್ತಿ ಹೊಲಕ್ಕೆ ಹೋಗಿ ಹಕ್ಕಿ ಓಡಿಸತೊಡಗಿದಳು. ಸಾಹೇಬರು ಮಾತ್ರ ಬಿಟ್ಟಿರಲಿಲ್ಲ. ಈ ಉಸ್ತಾನಿ ಜಾಗ ಹೊಸದಲ್ಲ, ಹಿಂದಿನಿಂದಲೂ ಬಜೆಟ್‌ನಲ್ಲಿ ಖಾಲಿ ಬಿದ್ದಿರುವ ಜಾಗವೇ, ತುಂಬಿದರೆ ಸರಕಾರಕ್ಕೆ ಹೊಸ ಭಾರವಿಲ್ಲ ಎಂದು ಮತ್ತೆ ಮತ್ತೆ ಬರೆದರಂತೆ. ಮುಂದಿನ ಬೇಸಿಗೆಯಲ್ಲಿ ಮಂಜೂರಿ ಬಂತು. ಒಂದು ಶರತ್ತು ಇತ್ತು: ಸಾಲಿ ನಡೆಸಲು ಜಾಗ ಊರವರು ಕೊಡಬೇಕು.

ಊರ ಹಿರಿಯರು ಗುಡಿಯ ಪೌಳಿಯಲ್ಲಿ ಸಾಲಿ ಮಾಡಿ ಎಂದರು. ಕಲ್ಲುಕಂಬದ ತಂಪಾದ ಜಾಗ. ಅಪ್ಪನಿಗೂ ಒಪ್ಪಿಗೆಯಾಗಿತ್ತು.

"ಗುಡಿ ಬ್ಯಾಡ್ರಿ," ಎಂದಳು ಅತ್ತಿ.

"ಯಾಕವ್ವಾ, ದೇವರ ಜಾಗಕ್ಕೇನಾಗೇದ?" ಎಂದರು ಗೌಡರು.

"ಊರ ಹೊರಗಿನ ಕೇರಿ ಹುಡುಗ್ಯಾರು ಗುಡಿ ಮೆಟ್ಟಲು ಹತ್ತಂಗಿಲ್ಲಲ್ರಿ. ಇದು ಸರಕಾರಿ ಸಾಲಿ, ಬಂದವರನ್ನ ಬ್ಯಾಡನ್ನಾಕ ನನಗ ಬರಂಗಿಲ್ಲ."

ಕೆಲವರು ಎದ್ದು ಹೋದರು. ಅಪ್ಪ ಮನೆಗೆ ಬಂದವನು ನೆಟ್ಟಗೆ ನಮ್ಮ ದನದ ಕೊಟ್ಟಿಗೆಗೆ ಹೋದ, ದನಗಳನ್ನು ಹಿತ್ತಲ ಬೇವಿನ ಗಿಡಕ್ಕೆ ಕಟ್ಟಿದ. ಆಯಿ ಸೀರೆ ಎತ್ತಿ ಕಟ್ಟಿ ಕೊಟ್ಟಿಗೆಯ ನೆಲ ಸಾರಿಸಿದಳು, ಗೋಡೆಗೆ ಸುಣ್ಣ ಬಳಿಸಿದಳು. ಪಗಾರದ ಮಾತು ಮತ್ತೆ ಎತ್ತಲಿಲ್ಲ.

ಸಾಲಿ ತೆರೆದ ದಿನ ಕೇರಿಯಿಂದ ಮೂವರು ಹುಡುಗಿಯರು ಬಂದರು. ಬಾಗಿಲ ಹೊರಗೇ ನಿಂತರು. ಅತ್ತಿ ಹೋಗಿ ಕೈ ಹಿಡಿದು ಒಳಗೆ ಕರೆತಂದು, ಎತ್ತರದ ಲೆಕ್ಕದಲ್ಲಿ ಎಲ್ಲರನ್ನೂ ಕೂಡಿಸಿದಳು. ಗಿಡ್ಡವಳಾದ ನಾನು ಮುಂದೆ, ನನ್ನ ಮಗ್ಗಲಿಗೆ ಕೇರಿಯ ಹುಡುಗಿ. ಮರುದಿನ ಅರ್ಧ ಸಾಲಿ ಖಾಲಿಯಾಯಿತು. ಪಕ್ಕದ ಮನೆಯ ನನ್ನ ಗೆಳತಿಯನ್ನೂ ಕಳಿಸಲಿಲ್ಲ. ಅವಳು ನೀರು ತರುವ ನೆವದಲ್ಲಿ ಬಂದು ಕೊಟ್ಟಿಗೆಯ ಕಿಂಡಿಯಿಂದ ನೋಡುತ್ತಿದ್ದಳು, ನಾವು ಒದರಿದ್ದನ್ನು ತಾನೂ ಒದರುತ್ತಿದ್ದಳು.

ಅವಳ ತಾಯಿ ಒಂದು ದಿನ ಬಂದು, "ನನ್ನ ಮಗಳ್ನ ಬ್ಯಾರೆ ಮೂಲ್ಯಾಗ ಕೂಡಸ್ತೀರೇನ್ರಿ?" ಎಂದು ಕೇಳಿದಳು.

"ಮೂಲಿ ಇಲ್ಲ ಅಕ್ಕಾ. ಸಾಲು ಅದ. ಸಾಲಿನಾಗ ಜಾಗಾ ಇಟ್ಟೇನಿ," ಎಂದಳು ಅತ್ತಿ.

ತಾಯಿ ಹೋದಳು. ದೀಪಾವಳಿ ಮುಗಿದ ಮೇಲೆ ಮಗಳು ಪಾಟಿ ಹಿಡಿದು ಬಂದು ಸಾಲಿನಲ್ಲಿ ಕೂತಳು. ಅವಳ ಹಿಂದೆ ಉಳಿದವರೂ ಒಬ್ಬೊಬ್ಬರಾಗಿ ಬಂದರು, ಎಲ್ಲರೂ ಅಲ್ಲ.

ಪಾಠ ಉರ್ದುವಿನಲ್ಲೇ ನಡೆಯಬೇಕಿತ್ತು. ಅತ್ತಿ ಉರ್ದು ಪಾಠ ಹೇಳಿ ಅದರ ಅರ್ಥವನ್ನು ಕನ್ನಡದಲ್ಲಿ ಬಿಡಿಸುವಳು, ಆಮೇಲೆ ಕನ್ನಡ ಅಕ್ಷರ ಬರೆಸುವಳು. ಸಾಹೇಬರು ತಪಾಸಣೆಗೆ ಬಂದಾಗ ಗೋಡೆಯ ಮೇಲಿನ ಕನ್ನಡ ಕಾಗುಣಿತ ನೋಡಿದರು. "ಇದೇನು?" ಎಂದರು. "ಅರ್ಥ ತಿಳಸಾಕ್ರಿ," ಎಂದಳು ಅತ್ತಿ. "ಅರ್ಥ ತಿಳೀಲಿ, ತಿಳೀಲಿ," ಎಂದು ಅವರು ಬೇರೆ ಗೋಡೆಯ ಕಡೆ ತಿರುಗಿದರು.

ನಿಜಾಮರ ಆಳಿಕೆಯ ಕೊನೆಯ ಗದ್ದಲದ ದಿನಗಳಲ್ಲಿ ಸಾಲಿ ಮುಚ್ಚಿತು. ಮೊದಲು ನಾವು ನಿಜಾಮರ ಕಡೆಯ ಲೂಟಿ ಗುಂಪುಗಳಿಗೆ ಅಂಜಿ ಹೊಳೆ ದಾಟಿ ನೆಂಟರ ಮನೆ ಸೇರಿದೆವು. ಹಿಂದುಸ್ತಾನದ ಫೌಜು ಬಂದ ಮೇಲೆ ನಾವು ತಿರುಗಿ ಬಂದೆವು, ಅಂಜುವ ಪಾಳಿ ಮಾಸ್ತರರ ಮನೆಯವರಿಗೆ ಬಂತು. ಅಪ್ಪ ಮತ್ತು ಗೌಡರು ಹೋಗಿ ಅವರನ್ನು ನಮ್ಮ ಮನೆಗೆ ಕರೆತಂದರು. ವಾತಾವರಣ ತಣ್ಣಗಾಗುವತನಕ ಬೀಬಿಯವರೂ ಆಯಿಯೂ ಒಂದೇ ಒಲೆಯ ಮುಂದೆ ಕೂತಿದ್ದರು. ಯಾರಾದರೂ ಬಂದು ಕೇಳಿದರೆ ಆಯಿ ಹೊಸ್ತಿಲಲ್ಲಿ ನಿಂತು, "ನಮ್ಮ ಮನೀ ಮಂದಿ ಅದಾರ, ಏನು ಬೇಕು?" ಎನ್ನುತ್ತಿದ್ದಳು.

ಹೊಸ ಸರಕಾರ ಸಾಲಿ ಮತ್ತೆ ತೆರೆಸಿ, ಸಣ್ಣ ಮಕ್ಕಳಿಗೆ ಅವರ ಮಾತಿನಲ್ಲೇ ಕಲಿಸಬೇಕೆಂದು ಹುಕುಮ್ ಮಾಡಿತು. ಹುಕುಮ್ ಬಂತು, ಪುಸ್ತಕ ಬರಲಿಲ್ಲ. ಅತ್ತಿ ಆಚೆ ಊರಿನ ಸಾಲಿಯಿಂದ ಹಳೆಯ ಕನ್ನಡ ಪುಸ್ತಕಗಳನ್ನು ಬುಟ್ಟಿಯಲ್ಲಿ ಹೊರಿಸಿ ತಂದಳು. ಮಾಸ್ತರರಿಗೆ ಕನ್ನಡ ಮಾತು ಬರುತ್ತಿತ್ತು, ಬರಹ ಬರುತ್ತಿರಲಿಲ್ಲ. ಅವರು ಕಲಿಯುವತನಕ ಗಂಡುಹುಡುಗರೂ ನಮ್ಮ ಕೊಟ್ಟಿಗೆಗೇ ಬಂದರು. ಒಳಗೆ ಹಿಡಿಸದವರು ಬೇವಿನ ನೆರಳಲ್ಲಿ ದನಗಳ ಮಗ್ಗಲಿಗೆ ಕೂತು ಬರೆದರು. ನಾನು ಅಷ್ಟರಲ್ಲಿ ಅಲ್ಲಿನ ಓದು ಮುಗಿಸಿ, ಮುಂದೆ ಹೋಗಲು ಸಾಲಿಯಿಲ್ಲದೆ, ಅತ್ತಿಗೆ ಕೈಜೋಡಿಸುತ್ತಿದ್ದೆ.

ಹೊಸ ಇನ್ಸ್‌ಪೆಕ್ಟರ್ ಬಂದಾಗ ಅತ್ತಿ ಬಾಗಿಲಲ್ಲೇ ಹಿಡಿದಳು. "ಒಬ್ಬಾಕಿ ಕಡಿಂದ ಆಗೂ ಮಾತಲ್ರಿ ಇದು. ಇನ್ನೊಂದು ಅಕ್ಕೋರ ಜಾಗಾ ಮಂಜೂರು ಮಾಡ್ರಿ."

"ಈ ವರ್ಷದ ಬಜೆಟ್ ಮುಗೀತು. ಮುಂದಿನ ವರ್ಷ ನೋಡೋಣ್ರಿ ಅಕ್ಕೋರ."

"ನೋಡೋಣ ಅಂದ್ರ ಆಗಂಗಿಲ್ರಿ. ಇಲ್ಲೇ ಕೂತು ಬರೀರಿ. ನಿಮ್ಮ ಮುಂದಿನ ಊರಿಗೆ ಬಂಡಿ ನಾವs ಕಟ್ತೇವಿ."

ಅವರು ನಕ್ಕು, ಅಲ್ಲೇ ಕೂತು ಬರೆದರು. ಆ ಜಾಗಕ್ಕೆ ನಾನೇ ಬರಲಿ ಎಂದು ಅಪ್ಪನಿಗೆ ಆಸೆಯಿತ್ತು. ನನಗಿನ್ನೂ ವಯಸ್ಸಾಗಿರಲಿಲ್ಲ, ಓದೂ ಸಾಲದು. ಮುಂದಿನ ವರ್ಷ ಜಾಗ ಮಂಜೂರಾಗಿ ಆಳಂದ ಕಡೆಯ ಒಬ್ಬ ಅಕ್ಕೋರು ತಗಡಿನ ಟ್ರಂಕು ಹಿಡಿದು ಬಂಡಿಯಿಂದ ಇಳಿದರು. ನನಗಿಂತ ಸ್ವಲ್ಪವೇ ದೊಡ್ಡವರು. ಸಾಲಿ ಎಲ್ಲಿದೆ ಎಂದು ಕೇಳಿದ್ದಕ್ಕೆ ಹುಡುಗಿಯರ ಹಿಂಡೇ ಅವರ ಮುಂದೆ ಓಡಿತು.

ಅದೇ ಬಂಡಿ ನನ್ನನ್ನು ಸ್ಟೇಷನ್‌ಗೆ ಒಯ್ಯಲು ನಿಂತಿತ್ತು. ಅತ್ತಿಗೆ ಈಗ ನನ್ನ ಕೈ ಬೇಕಿರಲಿಲ್ಲ. ಕಲಬುರ್ಗಿಯಲ್ಲಿ ಬೀಬಿಯವರ ಅಣ್ಣನ ಮನೆಯ ಹತ್ತಿರ ನನಗೊಂದು ಕೋಣೆ ನೋಡಿದ್ದರು, ಅಲ್ಲಿಂದ ದೊಡ್ಡ ಸಾಲಿಗೆ ಹೋಗುವುದಿತ್ತು. ಅತ್ತಿ ಕೊಟ್ಟಿಗೆಯ ನಡುವೆ ಗೋಣಿತಟ್ಟಿನ ಪರದೆ ಕಟ್ಟಿ ಒಂದು ಸಾಲಿಯನ್ನು ಎರಡು ಮಾಡುತ್ತಿದ್ದಳು. ನನ್ನನ್ನು ಕಳಿಸಲು ಹೊರಗೆ ಬಂದು ಎರಡು ಮಾತಾಡಿ, "ಹೋಗಿ ಬಾ, ಹುಡುಗ್ಯಾರು ಕಾಯಾಕತ್ತಾರ," ಎಂದು ಒಳಗೆ ಹೋದಳು. ಬಂಡಿ ಹೊರಟಾಗ ಪರದೆಯ ಈ ಕಡೆಯಿಂದ ಮಗ್ಗಿ, ಆ ಕಡೆಯಿಂದ ಕಾಗುಣಿತ, ಎರಡೂ ಒಟ್ಟಿಗೇ ಕೇಳಿಸುತ್ತಿದ್ದವು. ಊರ ಅಗಸೆ ಬಾಗಿಲು ದಾಟುವತನಕ ನಾನು ಅದನ್ನೇ ಕೇಳುತ್ತ ಕೂತಿದ್ದೆ.